ಲೇಹ್‌ನಲ್ಲಿ ಓಡುವ ಮುನ್ನ

2012ರಲ್ಲಿ ಶುರುವಾದ ಲಡಾಖ್ ಮ್ಯಾರಥಾನ್‌ನ ಹಾಫ್ ಓಡಲು ಬೆಂಗಳೂರಿನಿಂದ ಹೊರಟವರು ಶೂ ಬಗ್ಗೆ ಕೇಳುತ್ತಾರೆ, ಜೆಲ್ ಬಗ್ಗೆ ಕೇಳುತ್ತಾರೆ. ನಾನು ಕೇಳುವುದು ಒಂದೇ: ಲೇಹ್‌ನಲ್ಲಿ ಇಳಿಯುವುದು ಎಂದು?

1. ಓಟಕ್ಕೆ ಕನಿಷ್ಠ ಒಂದು ವಾರ ಮೊದಲು ತಲುಪಿ. ಹತ್ತು ದಿನ ಸಿಕ್ಕರೆ ಇನ್ನೂ ಒಳ್ಳೆಯದು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಲೇಹ್ ಸುಮಾರು 3,500. ಅಲ್ಲೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ 21ರಷ್ಟೇ. ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕೆ ಇಳಿದಿರುವುದರಿಂದ ಒಂದೊಂದು ಉಸಿರಿಗೂ ದಕ್ಕುವುದು ಕಡಿಮೆ. ನಂದಿ ಬೆಟ್ಟ ಎಷ್ಟು ಸಲ ಹತ್ತಿದರೂ ಕಾಲು ಗಟ್ಟಿಯಾಗುತ್ತದೆಯೇ ಹೊರತು ಮೈ ಈ ಎತ್ತರಕ್ಕೆ ಒಗ್ಗುವುದಿಲ್ಲ. ಮೊದಲ ಎರಡು ದಿನ ಓಡಲೇಬೇಡಿ. ಮದ್ಯ, ನಿದ್ದೆ ಮಾತ್ರೆ ಮುಟ್ಟಬೇಡಿ. ಇನ್ನೂ ಎತ್ತರದ ಕಣಿವೆಮಾರ್ಗ ಖರ್ದುಂಗ್ ಲಾಗೆ ಪ್ರವಾಸ ಓಟ ಮುಗಿದ ಮೇಲಿರಲಿ.

2. ತಲೆನೋವಿನ ಜೊತೆ ವಾಕರಿಕೆ, ತಲೆಸುತ್ತು, ವಿಪರೀತ ಸುಸ್ತು ಇದ್ದರೆ ಅದನ್ನು ಎತ್ತರದ ಕಾಯಿಲೆ ಎಂದೇ ಎಣಿಸಿ. 'ನಿದ್ದೆ ಆಗಿಲ್ಲ, ಅಷ್ಟೇ' ಎಂದು ಸಮಾಧಾನ ಹೇಳಿಕೊಳ್ಳುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಇವು ಪೂರ್ತಿ ಹೋಗುವ ತನಕ ಓಟವಿಲ್ಲ. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಮಾತು ತಡವರಿಸಿದರೆ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲಾಗದಿದ್ದರೆ ಮೆದುಳಿಗೆ ಬಾವು ಬಂದಿರಬಹುದು. ಆಗ ಬೆಳಗಾಗಲಿ ಎಂದು ಕಾಯಬೇಡಿ. ತಕ್ಷಣ ಆಸ್ಪತ್ರೆ, ಆಮ್ಲಜನಕ. ಈ ಸ್ಥಿತಿಯಲ್ಲಿ ಇರುವವರಿಗೆ ತಮ್ಮ ಸ್ಥಿತಿ ತಿಳಿಯುವುದಿಲ್ಲ. ಆದ್ದರಿಂದ ಒಂದೇ ಕೋಣೆಯಲ್ಲಿ ಇರುವವರು ಬೆಳಿಗ್ಗೆ, ರಾತ್ರಿ ಪರಸ್ಪರ ವಿಚಾರಿಸಿಕೊಳ್ಳಲೇಬೇಕು.

3. ಎತ್ತರದ ಕಾಯಿಲೆ ತಡೆಯಲು ಕೊಡುವ ಡೈಮಾಕ್ಸ್ ಮಾತ್ರೆ ಬೇಕೇ ಬೇಡವೇ ಎಂಬುದನ್ನು ಊರಲ್ಲೇ ವೈದ್ಯರ ಬಳಿ ತೀರ್ಮಾನಿಸಿ. ಸಲ್ಫಾ ಅಲರ್ಜಿ ಇದ್ದರೆ ಹೇಳಿ. ಓಡುವಾಗ ನೋವಿಗೆಂದು ಬ್ರೂಫೆನ್ ನುಂಗಬೇಡಿ. ಮೈಯಲ್ಲಿ ನೀರು ಕಡಿಮೆಯಾದಾಗ ಅದು ಮೂತ್ರಪಿಂಡಕ್ಕೆ ಕೆಟ್ಟದ್ದು.

4. ವಾಚ್‌ನ ಪೇಸ್ ಬೆಂಗಳೂರಿನಲ್ಲೇ ಉಳಿಯಲಿ. ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯ ಆಡಲಾಗದಿದ್ದರೆ ನಿಮ್ಮ ವೇಗ ಹೆಚ್ಚಾಗಿದೆ. ಲೇಹ್‌ನಿಂದ ಸಿಂಧೂ ಕಣಿವೆಯ ಕಡೆ ರಸ್ತೆ ಇಳಿಜಾರು. ಅಲ್ಲಿ ಉತ್ಸಾಹದಲ್ಲಿ ಹಾರಿದವರನ್ನು ಊರಿಗೆ ಮರಳುವ ಏರು ಹಿಡಿದು ನಿಲ್ಲಿಸುತ್ತದೆ. ಏರಿನಲ್ಲಿ ನಡೆಯಿರಿ. ಎದೆ ಬಿಗಿದರೆ, ಹೆಜ್ಜೆ ತೂರಾಡಿದರೆ ಅಲ್ಲೇ ನಿಂತು ಸ್ವಯಂಸೇವಕರನ್ನು ಕರೆಯಿರಿ.

5. ಓಟ ನಡೆಯುವ ಸೆಪ್ಟೆಂಬರ್‌ನಲ್ಲಿ ಮುಂಜಾನೆ ಕೈ ಮರಗಟ್ಟುವ ಚಳಿ, ಗಂಟೆ ಕಳೆದರೆ ಚುರುಗುಟ್ಟುವ ಬಿಸಿಲು. ಗ್ಲೌಸ್, ಸನ್‌ಸ್ಕ್ರೀನ್, ಕಪ್ಪು ಕನ್ನಡಕ ಮೂರೂ ಇರಲಿ. ಒಣಹವೆಯಲ್ಲಿ ಬೆವರು ಕಾಣುವುದೇ ಇಲ್ಲ. ಓಆರ್‌ಎಸ್ ಕುಡಿಯಿರಿ, ಬರಿ ನೀರನ್ನೇ ಸುರಿದುಕೊಳ್ಳಬೇಡಿ.

6. ಎತ್ತರದ ಕಾಯಿಲೆಗೆ ನಿಜವಾದ ಮದ್ದು ಕೆಳಗಿಳಿಯುವುದು. ಲೇಹ್‌ನಲ್ಲಿ ಅದು ಸುಲಭವಲ್ಲ: ಮನಾಲಿಗಾಗಲಿ ಶ್ರೀನಗರಕ್ಕಾಗಲಿ ರಸ್ತೆಯಲ್ಲಿ ಹೋದರೆ ಮೊದಲು ಇನ್ನೂ ಎತ್ತರದ ಕಣಿವೆಮಾರ್ಗಗಳನ್ನು ಹತ್ತಿ ದಾಟಬೇಕು. ಹಾಗಾಗಿ ದಿನಾಂಕ ಬದಲಿಸಬಹುದಾದ ವಿಮಾನದ ಟಿಕೆಟ್ ತೆಗೆದುಕೊಳ್ಳಿ. ಆಸ್ಪತ್ರೆಯ ದಾರಿಯನ್ನು ತಲುಪಿದ ದಿನವೇ ಕೇಳಿಟ್ಟುಕೊಳ್ಳಿ.