ಹಳೆಯ ಕಾಂಕ್ರೀಟು ಕಟ್ಟಡಗಳೂ ಭೂಕಂಪವೂ

2001ನೆಯ ಇಸವಿ ಜನವರಿ 26ರಂದು, ಗಣರಾಜ್ಯೋತ್ಸವದ ಬೆಳಿಗ್ಗೆ, ಗುಜರಾತಿನ ಕಚ್ಛ ಪ್ರಾಂತದ ನೆಲವು ಕಂಪಿಸಿತು. ಭುಜ್, ಭಚಾವು ಮೊದಲಾದ ಊರುಗಳು ಕಂಪನಕೇಂದ್ರದ ಸಮೀಪದಲ್ಲಿದ್ದುದರಿಂದ ಅವುಗಳ ನಾಶವು ಶೋಚನೀಯವಾದರೂ ಅರ್ಥವಾಗುವಂಥದು. ವಿಚಾರಿಸಬೇಕಾದುದು ಅಹಮದಾಬಾದಿನ ಸಂಗತಿ. ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ಮಿಕ್ಕ ದೂರದ ಆ ನಗರದಲ್ಲಿ ಅನೇಕ ಬಹುಮಹಡಿ ಕಾಂಕ್ರೀಟು ಕಟ್ಟಡಗಳು ಕುಸಿದು ನೂರಾರು ಜನ ಮಡಿದರು. ಅಹಮದಾಬಾದು ಭೂಕಂಪದ ಮೂರನೆಯ ವಲಯದ ನಗರವೆನಿಸಿತ್ತು. 2002ರ ಭಾರತೀಯ ಮಾನಕದಲ್ಲಿ ನಮ್ಮ ಬೆಳಗಾವಿ, ಕಾರವಾರ, ಮಂಗಳೂರುಗಳೂ ಅದೇ ವಲಯಕ್ಕೆ ಸೇರಿದ್ದವು. ಆದುದರಿಂದ ಇದನ್ನು ಪರರ ಊರಿನ ಮಾತೆಂದು ಬಿಡುವಂತಿಲ್ಲ.

ಕಂಬವು ನಿತ್ಯವೂ ಹೊರುವುದು ಮೇಲಿನಿಂದ ಒತ್ತುವ ಭಾರವನ್ನು. ಭೂಕಂಪವಾದರೋ ಕಟ್ಟಡವನ್ನು ಅಡ್ಡಲಾಗಿ ಅತ್ತಿತ್ತ ತೂಗಿಸುತ್ತದೆ. ಅಹಮದಾಬಾದಿನ ಅಂಥ ಬಹಳಷ್ಟು ಕಟ್ಟಡಗಳಲ್ಲಿ ನೆಲಮಟ್ಟದ ಅಂತಸ್ತನ್ನು ವಾಹನಗಳಿಗಾಗಿ ಗೋಡೆಗಳಿಲ್ಲದೆ ಬಯಲು ಬಿಟ್ಟಿದ್ದರು. ಮೇಲಿನ ಅಂತಸ್ತುಗಳು ಇಟ್ಟಿಗೆ ಗೋಡೆಗಳಿಂದ ಪೆಟ್ಟಿಗೆಯಂತೆ ಬಿಗಿದುಕೊಂಡಿದ್ದುದರಿಂದ ತೂಗಾಟವೆಲ್ಲ ಕೆಳಗಿನ ಬರಿಯ ಕಂಬಗಳ ಪಾಲಿಗೆ ಬಂದಿತು.

ಇನ್ನೊಂದು ದೋಷ ಕಣ್ಣಿಗೆ ಕಾಣದ್ದು. ಕಂಬದ ನಿಲುವು ಸರಳುಗಳನ್ನು ಸುತ್ತಿ ಹಿಡಿಯುವ ಸಣ್ಣ ಕಟ್ಟುಗಳನ್ನು ಕೆಲಸಗಾರರು ರಿಂಗು ಎನ್ನುತ್ತಾರೆ. ಒಂಬತ್ತು ಅಂಗುಲದ ಕಂಬಕ್ಕೆ ಒಂಬತ್ತು ಅಂಗುಲಕ್ಕೊಂದು ರಿಂಗು ಇದ್ದರೆ ಭಾರ ಹೊರಲು ಸಾಕೆಂಬುದು ಹಳೆಯ ರೂಢಿ. 1993ರಲ್ಲಿ ಬಂದ ಭಾರತೀಯ ಮಾನಕ 13920, ಕಂಬದ ತುದಿಗಳಲ್ಲಿ ಈ ಅಂತರವು 100 ಮಿಲಿಮೀಟರನ್ನು ಮೀರಬಾರದೆಂದೂ, ರಿಂಗಿನ ಕೊಕ್ಕೆಯನ್ನು 135 ಡಿಗ್ರಿ ಬಾಗಿಸಿ ಕಂಬದ ಒಡಲೊಳಕ್ಕೆ ಸೇರಿಸಬೇಕೆಂದೂ ವಿಧಿಸಿತು. 90 ಡಿಗ್ರಿಗೆ ಮಡಿಸಿದ ಕೊಕ್ಕೆಯು ಹೊರಗಿನ ಕಾಂಕ್ರೀಟು ಉದುರಿದೊಡನೆ ಬಿಚ್ಚಿಕೊಳ್ಳುತ್ತದೆ. ಸರಳು ಹೊರಕ್ಕೆ ಬಾಗಿ ಕಂಬ ಕುಸಿಯುತ್ತದೆ.

ಮೂರನೆಯ ದೋಷವನ್ನು ಅಧ್ಯಾಪಕರು ತಮ್ಮ ತರಗತಿಯಲ್ಲಿಯೇ ನೋಡಬಹುದು. ಎರಡು ಕಂಬಗಳ ನಡುವೆ ಅರ್ಧ ಎತ್ತರದವರೆಗೆ ಗೋಡೆ. ಅದರ ಮೇಲೆ ಉದ್ದಕ್ಕೂ ಕಿಟಕಿ. ಗೋಡೆಯು ಕಂಬದ ಕೆಳಗಣ ಅರ್ಧವನ್ನು ಅಲುಗಗೊಡುವುದಿಲ್ಲ. ಬಾಗಬೇಕಾದುದು ಮೇಲಿನ ಅರ್ಧ ಮಾತ್ರ. ಬಾಗುವ ಉದ್ದ ಅರ್ಧವಾದರೆ ಬಿಗುವು ಎಂಟು ಪಟ್ಟಾಗುತ್ತದೆ. ಅಷ್ಟೇ ಸರಿದಾಟಕ್ಕೆ ಎಂಟು ಪಟ್ಟು ಬಲವನ್ನು ಕಂಬವು ತನ್ನ ಮೇಲೆ ಎಳೆದುಕೊಳ್ಳುತ್ತದೆ. ಕಿಟಕಿಯ ಮಟ್ಟದಲ್ಲಿ ಓರೆಯಾಗಿ ಸೀಳಿದ ಕಂಬಗಳು ಭೂಕಂಪದ ನಾಡುಗಳಲ್ಲಿ ಮತ್ತೆ ಮತ್ತೆ ಕಂಡುಬಂದಿವೆ.

ಪರೀಕ್ಷೆಯು ನಕ್ಷೆಯಿಂದ ಆರಂಭವಾಗಬೇಕು. ಹಳೆಯ ನಕ್ಷೆಗಳು ಸಾಮಾನ್ಯವಾಗಿ ಗೆದ್ದಲಿನ ಪಾಲಾಗಿರುತ್ತವೆ. ಆಗ ಅಳತೆ ತೆಗೆದು ಹೊಸದಾಗಿ ಬರೆಯಬೇಕು. ಕಬ್ಬಿಣ ಎಲ್ಲಿದೆಯೆಂದು ಹೊರಗಿನಿಂದಲೇ ಗುರುತಿಸುವ ಉಪಕರಣವುಂಟು. ಆದರೂ ಒಂದೆರಡೆಡೆ ಹೊದಿಕೆಯನ್ನು ಕೆತ್ತಿ ಕಣ್ಣಾರೆ ನೋಡುವುದು ಲೇಸು. ಕೊರೆದು ತೆಗೆದ ಕಾಂಕ್ರೀಟಿನ ತುಂಡನ್ನು ಯಂತ್ರದಲ್ಲಿ ಒತ್ತಿ ಒಡೆದು ಅದರ ಬಲವನ್ನು ತಿಳಿಯುತ್ತಾರೆ. ಹೊಸದಾಗಿ ಒಡೆದ ಮೈಗೆ ಫೀನಾಲ್ಫ್ತಲೀನ್ ದ್ರಾವಣವನ್ನು ಸಿಂಪಡಿಸಿದರೆ ಕ್ಷಾರಗುಣವುಳಿದ ಭಾಗವು ಗುಲಾಬಿ ಬಣ್ಣ ತಳೆಯುತ್ತದೆ; ಬಣ್ಣ ತಳೆಯದ ಭಾಗವು ಸರಳಿನವರೆಗೆ ಇಳಿದಿದ್ದರೆ ತುಕ್ಕಿಗೆ ದಾರಿ ತೆರೆದಿದೆಯೆಂದು ಅರ್ಥ. ಶಾಲೆಯ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿರುವ ದ್ರಾವಣವೇ ಅದು! ಈ ಬಗೆಯ ಪರಿಶೀಲನೆಗೂ ಬಲವರ್ಧನೆಗೂ 2013ರಲ್ಲಿ 15988ನೆಯ ಮಾನಕವು ಪ್ರಕಟವಾಯಿತು.

ಹಳೆಯ ಶಾಲೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟಿಸಿಕೊಡಲು ದಾನಿಗಳು ಸಂತೋಷದಿಂದ ಮುಂದೆ ಬರುತ್ತಾರೆ. ಹೊಸ ಕೊಠಡಿಯ ಬಾಗಿಲಲ್ಲಿ ಹೆಸರಿನ ಕಲ್ಲು ಕೂರುತ್ತದೆ. ಕಂಬದೊಳಗಣ ರಿಂಗಿಗೆ ಕಲ್ಲು ಕೂರಿಸುವಂತಿಲ್ಲ. ಆದರೆ ಮೇಲಂತಸ್ತಿನ ತೂಕವೆಲ್ಲ ಭೂಕಂಪದ ದಿನ ಅಡ್ಡಬಲವಾಗಿ ಅದೇ ಕಂಬಗಳಿಗೆ ಇಳಿಯುವುದರಿಂದ, ದಾನದ ಮೊದಲ ಪಾಲು ಪರೀಕ್ಷೆಗೆ ಸಲ್ಲಬೇಕೆಂದು ನನ್ನ ಅಭಿಪ್ರಾಯ.

ದುರ್ಬಲವೆಂದು ಕಂಡ ಕಂಬದ ಸುತ್ತ ಹೊಸ ಸರಳು, ಒತ್ತಾದ ರಿಂಗುಗಳನ್ನಿಟ್ಟು ಕಾಂಕ್ರೀಟಿನ ಕವಚ ತೊಡಿಸುವುದು ರೂಢಿಯ ಕ್ರಮ. ಸರಳುಗಳು ಚಾವಣಿಯನ್ನು ತೂರಿ ಮೇಲಕ್ಕೂ, ಕೆಳಗೆ ತಳಪಾಯಕ್ಕೂ ಹೋಗಬೇಕು. ಅಂತಸ್ತಿನ ನಡುವೆಯೇ ನಿಂತರೆ ಬಾಗುವ ಸ್ಥಳದಲ್ಲಿ ನೆರವಾಗವು. ಬಿರುಕು ಕಂಡ ಒಂದೇ ಕಂಬವನ್ನು ದಪ್ಪಮಾಡಿದರೆ ಅದು ನೆರೆಯ ಕಂಬಗಳ ಪಾಲಿನ ಬಲವನ್ನೂ ತನ್ನತ್ತ ಸೆಳೆಯುತ್ತದೆ. ಕಾಂಕ್ರೀಟಿನ ಹೊಸ ಗೋಡೆಯನ್ನು ಎಬ್ಬಿಸುವುದು ಇನ್ನೂ ಬಲವಾದ ಉಪಾಯ. ಆದರೆ ಒಂದೇ ಪಕ್ಕದಲ್ಲಿ ಎಬ್ಬಿಸಿದರೆ ಕಟ್ಟಡವು ತಿರುಚಿಕೊಳ್ಳುತ್ತದೆ.

ಕಿಟಕಿಯ ಕೆಳಗಣ ಅರ್ಧಗೋಡೆಗೆ ಇಷ್ಟು ವೆಚ್ಚವಿಲ್ಲ. ಇಂಜಿನಿಯರು ಲೆಕ್ಕ ಹಾಕಿದಷ್ಟು ತೆರಪನ್ನು ಗೋಡೆಗೂ ಕಂಬಕ್ಕೂ ನಡುವೆ ಕೊಯ್ದು, ಮೆದುವಾದ ವಸ್ತುವನ್ನು ತುಂಬಿ, ಗೋಡೆಯು ಹೊರಕ್ಕೆ ಮಗುಚದಂತೆ ಆಧಾರ ಕೊಟ್ಟರೆ ಕಂಬವು ತನ್ನ ಪೂರ್ಣ ಉದ್ದಕ್ಕೂ ಬಾಗಬಲ್ಲದು. ಬೇಸಿಗೆಯ ರಜೆಯಲ್ಲಿ ಮುಗಿಸಬಹುದಾದ ಕೆಲಸವಿದು.