ಮಿಲಾನಿನಲ್ಲಿ ಕೂತು ನೋಡು

ಪುಟ್ಟಿ, ಏಪ್ರಿಲ್‌ನಲ್ಲಿ ಮಿಲಾನಿನ ಪೀಠೋಪಕರಣ ಮೇಳಕ್ಕೆ ಹೊರಟಿದ್ದೀಯಂತೆ. ನಿಮ್ಮಮ್ಮ ಫೋನ್ ಮಾಡಿ, ‘ಅಣ್ಣ, ನೀನು ನೋಡಿ ಬಂದವನು, ಅವಳಿಗೆ ನಾಲ್ಕು ಮಾತು ಹೇಳು’ ಅಂದಳು. ವೀಸಾ, ಟಿಕೆಟ್ಟು, ರೂಮಿನ ವಿಚಾರವೆಲ್ಲ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ನಾನು ಹೇಳುವುದೇನಿದ್ದರೂ ಮೇಳವನ್ನು ನೋಡುವ ಬಗೆಯ ಬಗ್ಗೆ. ಚುಟುಕಾಗಿ ಹೇಳುವುದಾದರೆ, ಅಲ್ಲಿ ಎಲ್ಲರೂ ನಡೆಯುತ್ತಾರೆ. ನೀನು ಕೂರು.

ಯಾಕೆ ಅಂತೀಯಾ? ‘ಸಲೋನೆ ದೆಲ್ ಮೊಬಿಲೆ’ ಅನ್ನುವ ಈ ಮೇಳ ಇಟಲಿಯ ಪೀಠೋಪಕರಣಗಳನ್ನು ಹೊರದೇಶಗಳಿಗೆ ಮಾರಬೇಕೆಂದು 1961ರಲ್ಲಿ ಶುರುವಾದದ್ದು. ಈಗ ಊರಾಚೆ, ರೋ ಎಂಬಲ್ಲಿ ನಡೆಯುತ್ತದೆ. ಮೆಟ್ರೋದ ಕೆಂಪು ಲೈನಿನ ಕೊನೆ ಸ್ಟೇಷನ್ನಿನಲ್ಲಿ ಇಳಿದರೆ ಎದುರಿಗೇ ಮೈದಾನ. ಮಾಸ್ಸಿಮಿಲಿಯಾನೋ ಫುಕ್ಸಾಸ್ ಎಂಬ ವಾಸ್ತುಶಿಲ್ಪಿ ಕಟ್ಟಿಸಿದ ಗಾಜಿನ ಮಾಡು ಒಂದು ಕಿಲೋಮೀಟರಿಗೂ ಉದ್ದಕ್ಕೆ ಅಲೆಅಲೆಯಾಗಿ ಹೋಗುತ್ತದೆ, ಅದರ ಎರಡೂ ಪಕ್ಕ ದೊಡ್ಡ ದೊಡ್ಡ ಹಾಲ್‌ಗಳು. ಸುಮಾರು 2,000 ಮಳಿಗೆ, ಆರು ದಿನ, ಬರುವ ಜನ ಮೂರು ಲಕ್ಷದ ಮೇಲೆ. ಮೊದಲ ದಿನವೇ ಎಲ್ಲವನ್ನೂ ನೋಡಿಬಿಡುವ ಹುಕಿ ಬರುತ್ತದೆ. ಮದುವೆ ಊಟದಲ್ಲಿ ಬಂದದ್ದನ್ನೆಲ್ಲ ಎಲೆಗೆ ಬಡಿಸಿಕೊಂಡವನಿಗೆ ಯಾವುದರ ರುಚಿಯೂ ನೆನಪಿರುವುದಿಲ್ಲ, ಇಲ್ಲಿಯೂ ಹಾಗೆಯೇ. ಹಿಂದಿನ ರಾತ್ರಿಯೇ ನಕ್ಷೆ ಹಿಡಿದು ಕೂತು ದಿನಕ್ಕೆ ಎರಡು ಹಾಲ್ ಮಾತ್ರ ಗುರುತು ಹಾಕಿಕೊ. ಹಳೆಯ, ಪಳಗಿದ ಶೂ ಹಾಕಿಕೊಂಡು ಹೋಗು.

ದೊಡ್ಡ ಕಂಪನಿಗಳ ಮಳಿಗೆಗಳಿಗೆ ನಾಲ್ಕೂ ಕಡೆ ಗೋಡೆ ಇರುತ್ತದೆ, ಬಾಗಿಲಲ್ಲಿ ಸೂಟು ತೊಟ್ಟವರು ನಿಂತಿರುತ್ತಾರೆ. ಹೆದರಬೇಡ. ಯಾರು, ಎಲ್ಲಿಂದ, ಏನು ಮಾಡುತ್ತೀ ಎಂದು ನೆಟ್ಟಗೆ ಹೇಳಿ ವಿಸಿಟಿಂಗ್ ಕಾರ್ಡ್ ಕೊಡು. ಒಳಗೆ ಹೋದ ತಕ್ಷಣ ಫೋನ್ ತೆಗೆಯಬೇಡ. ನಮ್ಮ ಕಡೆಯವರು ಫೋಟೋ ಹೊಡೆದುಕೊಂಡು ಹೋಗಿ ಅದನ್ನೇ ಮಾಡಿ ಮಾರುತ್ತಾರೆ ಎಂಬ ಮಾತು ಅಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಕೇಳಿ ತೆಗೆದರೆ ನಿನಗೂ ಮರ್ಯಾದೆ, ನಿನ್ನ ಹಿಂದೆ ಬರುವವರಿಗೂ ಮರ್ಯಾದೆ.

ಆಮೇಲೆ ಕೂರು. ಒಂದು ಕ್ಷಣ ಕೂತು ‘ವಾವ್’ ಅಂದು ಏಳುವುದಲ್ಲ, ಹತ್ತು ನಿಮಿಷ ಕೂರು. ತೊಡೆಯ ಕೆಳಗೆ ಸೀಟಿನ ಅಂಚು ಒತ್ತುತ್ತದೆಯೇ, ಸೊಂಟಕ್ಕೆ ಆಸರೆ ಸಿಗುತ್ತದೆಯೇ, ನಮ್ಮಮ್ಮನಂಥ ಕುಳ್ಳಗಿರುವವರ ಕಾಲು ನೆಲಕ್ಕೆ ಮುಟ್ಟುತ್ತದೆಯೇ, ಮಂಡಿನೋವಿನವರು ಕೈಯೂರಿ ಏಳಲು ಆಗುತ್ತದೆಯೇ ನೋಡು. ಎದ್ದಮೇಲೆ ಬಗ್ಗಿ ಅಡಿಯಲ್ಲಿ ನೋಡು. ಮುಂದೆ ಕಾಣುವ ಕಡೆ ಎಲ್ಲರೂ ಪಾಲಿಶ್ ಹೊಡೆಯುತ್ತಾರೆ. ಮರಕ್ಕೆ ಮರ ಕಚ್ಚಿಸಿದ್ದಾರೋ, ಬರೀ ಸ್ಕ್ರೂ ಬಿಗಿದಿದ್ದಾರೋ, ಬೆತ್ತದ ತುದಿಯನ್ನು ಎಲ್ಲಿ ಮುಗಿಸಿದ್ದಾರೆ, ಎಲ್ಲ ಗೊತ್ತಾಗುವುದು ಅಡಿಯಲ್ಲೇ.

ಒಂದು ಕುರ್ಚಿಯನ್ನಂತೂ ಬಿಡಬೇಡ. ಜಿಯೋ ಪೊಂತಿ ರೂಪಿಸಿ, 1957ರಲ್ಲಿ ಕಸ್ಸೀನಾ ಕಂಪನಿ ಹೊರತಂದ ‘ಸೂಪರ್‌ಲೆಜೇರಾ’. ಫೋಟೋದಲ್ಲಿ ನೋಡಿದರೆ ಇದರಲ್ಲೇನಿದೆ ಅನ್ನಿಸುತ್ತದೆ. ಆಶ್ ಮರದ ಸಣಕಲು ಕಾಲು, ಹೆಣೆದ ಸೀಟು, ಅಷ್ಟೆ. ಯಾರನ್ನಾದರೂ ಕೇಳಿ ಒಂದು ಬೆರಳಲ್ಲಿ ಎತ್ತಿ ನೋಡು, ಎದ್ದುಬಿಡುತ್ತದೆ. ತೂಕ 1.7 ಕಿಲೋ. ಕಾಲನ್ನು ಮುಟ್ಟಿದರೆ ಅದು ದುಂಡಗೂ ಇಲ್ಲ, ಚೌಕವೂ ಅಲ್ಲ, ತ್ರಿಕೋನ. ದಪ್ಪ 18 ಮಿಲಿಮೀಟರ್. ಬಲ ಎಲ್ಲಿ ಬೇಕೋ ಅಲ್ಲಿ ಮಾತ್ರ ಮರ ಉಳಿಸಿ, ಬೇಡದ್ದನ್ನೆಲ್ಲ ಕೀಸಿ ಹಾಕಿದ್ದಾರೆ. ಗಟ್ಟಿತನ ಪರೀಕ್ಷಿಸಲು ನಾಲ್ಕನೇ ಮಹಡಿಯಿಂದ ಎಸೆದರಂತೆ, ಮುರಿಯಲಿಲ್ಲವಂತೆ. ಇದು ಪೊಂತಿಗೆ ಕನಸಿನಲ್ಲಿ ಬಂದ ಆಕಾರವಲ್ಲ. ಲಿಗೂರಿಯಾ ಕರಾವಳಿಯ ಕಿಯಾವರಿ ಊರಿನ ಬಡಗಿಗಳು 19ನೇ ಶತಮಾನದಿಂದ ಮಾಡುತ್ತ ಬಂದ ಹಗುರ ಕುರ್ಚಿಯನ್ನು ಎದುರಿಗಿಟ್ಟುಕೊಂಡು ವರ್ಷಗಟ್ಟಲೆ ತಿದ್ದಿ ತಿದ್ದಿ ಇಳಿಸಿದ್ದು.

ದೀಪಗಳಲ್ಲಿ ‘ಆರ್ಕೋ’ ನೋಡು. ಕಾಸ್ತಿಲ್ಯೋನಿ ಸೋದರರು 1962ರಲ್ಲಿ ಫ್ಲೋಸ್ ಕಂಪನಿಗೆ ಮಾಡಿಕೊಟ್ಟದ್ದು. ಚಾವಣಿಗೆ ತೂತು ಕೊರೆಯದೆ ಊಟದ ಮೇಜಿನ ಮೇಲೆ ಬೆಳಕು ಬರಬೇಕು, ಬಡಿಸುವವರು ಹಿಂದಿನಿಂದ ಓಡಾಡಲೂ ಜಾಗವಿರಬೇಕು ಎಂಬುದು ಅವರ ಲೆಕ್ಕ. ಹಾಗಾಗಿ ಉಕ್ಕಿನ ಕಮಾನು ಅಷ್ಟು ದೂರ ಚಾಚಿದೆ, ಅದು ಮಗುಚದಿರಲೆಂದು ಬುಡದಲ್ಲಿ ಕರ್ರಾರಾದ ಅಮೃತಶಿಲೆ. ಆ ಕಲ್ಲಿನಲ್ಲಿ ಒಂದು ತೂತು ಇದೆ. ಜನ ಅಲಂಕಾರ ಅಂದುಕೊಳ್ಳುತ್ತಾರೆ. ಅದು ಪೊರಕೆಯ ಕೋಲು ತೂರಿಸಿ ಇಬ್ಬರು ಎರಡೂ ಕಡೆ ಹಿಡಿದು ಎತ್ತಲು ಮಾಡಿದ್ದು. ಮೂಲೆ ಸವರಿರುವುದು ಕಾಲಿಗೆ ತಗುಲಿದರೆ ಗಾಯವಾಗದಿರಲಿ ಅಂತ. ಅಲ್ಲಿ ಕಾಣುವ ಪ್ರತಿ ಚೆಲುವಿಗೂ ‘ಇದು ಯಾಕೆ?’ ಅಂತ ಕೇಳು. ಉತ್ತರ ಸಿಕ್ಕರೆ ಬರೆದುಕೊ, ಸಿಗದಿದ್ದರೆ ಮುಂದಿನ ಮಳಿಗೆಗೆ ಹೋಗು.

ಸರಿಸಂಖ್ಯೆಯ ವರ್ಷಗಳಲ್ಲಿ ಅಡುಗೆಮನೆಯ ವಿಭಾಗ ‘ಯೂರೋಕುಚೀನಾ’ ಇರುತ್ತದೆ, ಬೆಸಸಂಖ್ಯೆಯ ವರ್ಷಗಳಲ್ಲಿ ದೀಪಗಳ ‘ಯೂರೋಲೂಚೆ’. ಅಡುಗೆಮನೆ ನೋಡುವಾಗ ತಲೆಯಲ್ಲಿ ನಮ್ಮ ಮನೆಯನ್ನೇ ಇಟ್ಟುಕೊಂಡಿರು. ಆ ಬಿಳಿ ಕಲ್ಲಿನ ಕಟ್ಟೆಗೆ ಅರಿಸಿನ ಬಿದ್ದರೆ ಏನು ಗತಿ? ಒಗ್ಗರಣೆಯ ಘಾಟನ್ನು ಆ ಪುಟ್ಟ ಚಿಮಣಿ ಎಳೆಯುತ್ತದೆಯೇ? ಗ್ರೈಂಡರ್ ಎಲ್ಲಿ ಕೂರುತ್ತದೆ? ನಮ್ಮಲ್ಲಿ ದಿನಾ ನೀರು ಹಾಕಿ ನೆಲ ಒರೆಸುತ್ತೇವಲ್ಲ, ಕಪಾಟಿನ ಬುಡ ಎರಡು ಮಳೆಗಾಲಕ್ಕೆ ಉಬ್ಬುವುದಿಲ್ಲವೇ? ಗೆದ್ದಲಿನ ವಿಚಾರ ಅವರನ್ನು ಕೇಳಿ ಪ್ರಯೋಜನವಿಲ್ಲ, ಅದು ನಮ್ಮ ಪಾಡು. ‘ಈ ವರ್ಷದ ಬಣ್ಣ’ ಅಂತ ಯಾರಾದರೂ ಹೇಳಿದರೆ ನಕ್ಕು ತಲೆಯಾಡಿಸು. ಮುಂದಿನ ಏಪ್ರಿಲ್‌ಗೆ ಅವರೇ ಅದನ್ನು ಮರೆತಿರುತ್ತಾರೆ.

‘ಸಲೋನೆ ಸತೆಲ್ಲಿತೆ’ ವಿಭಾಗಕ್ಕೆ ಅರ್ಧ ದಿನವಾದರೂ ಕೊಡು. ಮಾರ್ವಾ ಗ್ರಿಫಿನ್ ಎಂಬಾಕೆ 1998ರಲ್ಲಿ ಶುರುಮಾಡಿದ್ದು, 35 ವರ್ಷದೊಳಗಿನವರಿಗೆ ಮೀಸಲು. ಈಗ ಹೆಸರಾಗಿರುವ ಜಪಾನಿನ ‘ನೆಂಡೋ’ ಸ್ಟುಡಿಯೋ 2003ರಲ್ಲಿ ಅಲ್ಲೇ ಪ್ರದರ್ಶನ ಇಟ್ಟಿತ್ತು. ನಿನ್ನ ವಯಸ್ಸಿನವರು ತಾವೇ ಮಾಡಿದ್ದರ ಪಕ್ಕ ತಾವೇ ನಿಂತಿರುತ್ತಾರೆ. ಮಾದರಿ ಎಷ್ಟು ಸಲ ಕೆಟ್ಟಿತು, ಯಾರಿಂದ ಮಾಡಿಸಿದಿರಿ, ಖರ್ಚೆಷ್ಟು ಅಂತ ಕೇಳು. ದೊಡ್ಡ ಮಳಿಗೆಯ ಮಾರಾಟಗಾರರು ಹೇಳದ್ದನ್ನು ಇವರು ಹೇಳುತ್ತಾರೆ.

ಸಂಜೆ ಊರೊಳಗೆ ‘ಫುವೊರಿಸಲೋನೆ’, ಅಂದರೆ ಮೇಳದ ಹೊರಗಿನ ಮೇಳ. ಬ್ರೇರಾ, ತೊರ್ತೋನಾ ಬೀದಿಗಳಲ್ಲಿ ಮನೆಯಂಗಳ, ಹಳೆ ಫ್ಯಾಕ್ಟರಿ ಎಲ್ಲವೂ ಪ್ರದರ್ಶನದ ಜಾಗವೇ. ಬೇಲಿಯಾಚೆ ಇದ್ದದ್ದೇ ಮೇಲಾದ ಉದಾಹರಣೆಯೂ ಇದೆ. 1981ರಲ್ಲಿ ಎತ್ತೋರೆ ಸೊತ್ಸಾಸ್ಸ್ ಮತ್ತು ಗೆಳೆಯರು ‘ಮೆಂಫಿಸ್’ ಹೆಸರಲ್ಲಿ, ಕಾಫಿ ಬಾರುಗಳಲ್ಲಿ ಬಳಸುವ ಅಗ್ಗದ ಲ್ಯಾಮಿನೇಟನ್ನು ದಿವಾನಖಾನೆಯ ಕಪಾಟಿಗೆ ಅಂಟಿಸಿ ಊರೊಳಗಿನ ಗ್ಯಾಲರಿಯಲ್ಲಿಟ್ಟಾಗ ಬೀದಿ ತುಂಬ ಜನ. ಈಗ ಕಾರು, ಚಪ್ಪಲಿ, ಸೆಂಟು ಮಾರುವವರೂ ಅಲ್ಲಿ ಬಂದು ಸೇರಿದ್ದಾರೆ. ಬಿಟ್ಟಿ ಬ್ಯಾಗಿಗೆ ಒಂದು ಗಂಟೆ ಕ್ಯೂ ನಿಲ್ಲುವವರ ಹಿಂದೆ ನೀನು ನಿಲ್ಲಬೇಡ. ಆ ಹೊತ್ತಿನಲ್ಲಿ ಎಡಿಐ ವಿನ್ಯಾಸ ಸಂಗ್ರಹಾಲಯ ನೋಡು. 1954ರಿಂದ ಕೊಡುತ್ತ ಬಂದಿರುವ ‘ಕೊಂಪಾಸ್ಸೋ ದೋರೋ’ ಪ್ರಶಸ್ತಿಯ ವಸ್ತುಗಳು ಅಲ್ಲಿವೆ.

ಕೊನೆಗೆ ಒಂದು ದಿನ ಉಳಿಸಿಕೊಂಡು ಉತ್ತರಕ್ಕೆ ರೈಲು ಹತ್ತು. ಬ್ರಿಯಾಂಜಾ ಅನ್ನುವ ಸೀಮೆ, ಲಿಸ್ಸೋನೆ, ಮೇದಾ, ಕಾಂತೂ ಎಂಬ ಊರುಗಳು. ತಲೆಮಾರುಗಳಿಂದ ಪೀಠೋಪಕರಣ ಮಾಡಿಕೊಂಡು ಬಂದ ಕಾರ್ಖಾನೆಗಳು, ಸಣ್ಣ ಸಣ್ಣ ಮರಗೆಲಸದ ಮನೆಗಳು ಇರುವುದು ಅಲ್ಲೇ. ಕಸ್ಸೀನಾ ಕಂಪನಿಯೂ 1927ರಲ್ಲಿ ಮೇದಾದಲ್ಲೇ ಹುಟ್ಟಿದ್ದು. ಮಿಲಾನಿಗೆ ಇಷ್ಟು ಹೆಸರು ಬಂದದ್ದರ ಗುಟ್ಟು ಇದೇ. ಊರಲ್ಲಿ ಗೆರೆ ಎಳೆಯುವವರು, ಸ್ವಲ್ಪ ದೂರದಲ್ಲೇ ಉಳಿ ಹಿಡಿಯುವವರು. ಕಾಗದದ ಮೇಲಿನ ಗೆರೆ ಮರದಲ್ಲಿ ನಿಲ್ಲುವುದಿಲ್ಲ ಅಂತ ಬಡಗಿ ಹೇಳಿದರೆ ವಿನ್ಯಾಸಕಾರ ಕಾರ್ಖಾನೆಯಲ್ಲೇ ಕೂತು ಗೆರೆ ಬದಲಿಸುತ್ತಿದ್ದ, ಆಗುತ್ತೆ ಅಂತ ವಿನ್ಯಾಸಕಾರ ಹಟ ಹಿಡಿದರೆ ಬಡಗಿ ಇನ್ನೊಂದು ದಾರಿ ಹುಡುಕುತ್ತಿದ್ದ. ಮೇಳದ ಗಾಜಿನ ಮಾಡಿನ ಕೆಳಗೆ ಕಾಣುವುದು ಆ ಜಗಳದ ಫಲ ಮಾತ್ರ.

ನಮ್ಮಲ್ಲಿ ಏನಾಗಿದೆ? ನಿನ್ನಂಥವರು ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡಿ ವಾಟ್ಸಾಪಿನಲ್ಲಿ ಕಳಿಸುತ್ತೀರಿ, ಆಚಾರ್ರು ‘ಆಯ್ತು ಮೇಡಂ’ ಅಂತಾರೆ. ತಪ್ಪಿದ್ದರೂ ಹೇಳುವುದಿಲ್ಲ, ಹೇಳಲು ಯಾರೂ ಅವರನ್ನು ಕೇಳಿಲ್ಲ. ಬಿಲ್ಲಿನಲ್ಲಿ ಮಾತ್ರ ಇಬ್ಬರೂ ಭೇಟಿಯಾಗುತ್ತೀರಿ.

ಅದಕ್ಕೇ ಹೇಳುತ್ತಿದ್ದೇನೆ, ವಾಪಸ್ ಬಂದಮೇಲೆ ಆಫೀಸಿನಲ್ಲಿ ಸ್ಲೈಡು ತೋರಿಸುವ ಮೊದಲು ನಿನ್ನ ಕೆಲಸ ಮಾಡಿಕೊಡುವ ಆಚಾರ್ರ ಹತ್ತಿರ ಹೋಗು. ಅಡಿಯಿಂದ ತೆಗೆದ ಆ ಜೋಡಣೆಗಳ ಫೋಟೋ ತೋರಿಸು. ‘ಇದೇನು ಮಹಾ, ನಮ್ಮ ಅಜ್ಜ ಮಾಡ್ತಿದ್ರು’ ಅನ್ನಬಹುದು. ಹಾಗಾದರೆ ಮಾಡಿ ತೋರಿಸಿ ಅನ್ನು. ‘ನಮ್ಮ ತೇಗಕ್ಕೆ ಇದು ನಡೆಯಲ್ಲ’ ಅನ್ನಬಹುದು. ಯಾಕೆ ಅಂತ ಕೇಳು, ವಾದ ಮಾಡು, ಸೋತರೆ ಒಪ್ಪಿಕೊ. ಅವರ ದಿನಗೂಲಿಯಲ್ಲಿ ಈ ಮಾತುಕತೆಯ ಹೊತ್ತನ್ನೂ ಸೇರಿಸಿ ಕೊಡು, ಅದೂ ಕೆಲಸವೇ. ಒಂದು ಸ್ಟೂಲು ಇಬ್ಬರೂ ಸೇರಿ ಮಾಡಿ ಮುಗಿಸಿದರೂ ಸಾಕು, ನಿನ್ನ ವಿಮಾನದ ಖರ್ಚು ಹುಟ್ಟಿದಂತೆ.