ನಮ್ಮ ಜಿಲ್ಲೆ, ನಮ್ಮ ಲೆಕ್ಕ

ನಮ್ಮದು ಯಾದಗಿರಿ ಜಿಲ್ಲೆ. ಕರ್ನಾಟಕದ ನಕ್ಷೆ ತೆಗೆದು ನೋಡೋಣ. ಮೇಲ್ಭಾಗದಲ್ಲಿ, ಬಲಗಡೆಗೆ ನಮ್ಮ ಜಿಲ್ಲೆ ಇದೆ. ಉತ್ತರಕ್ಕೆ ಕಲಬುರಗಿ. ಪಶ್ಚಿಮಕ್ಕೆ ವಿಜಯಪುರ. ದಕ್ಷಿಣಕ್ಕೆ ರಾಯಚೂರು. ಪೂರ್ವಕ್ಕೆ ತೆಲಂಗಾಣ ರಾಜ್ಯ.

ಮೊದಲು ನಾವು ಗುಲಬರ್ಗಾ ಜಿಲ್ಲೆಯಲ್ಲಿ ಇದ್ದೆವು. ಅದರ ಹೆಸರು ಈಗ ಕಲಬುರಗಿ. 2009ರ ಡಿಸೆಂಬರ್‌ನಲ್ಲಿ ಸರ್ಕಾರ ಯಾದಗಿರಿಯನ್ನು ಬೇರೆ ಜಿಲ್ಲೆ ಮಾಡಿತು. ಆಗ ಇದ್ದದ್ದು ಮೂರು ತಾಲೂಕು: ಯಾದಗಿರಿ, ಶಹಾಪುರ, ಸುರಪುರ. ಆಮೇಲೆ ಗುರುಮಠಕಲ್, ವಡಗೇರಾ, ಹುಣಸಗಿ ಸೇರಿ ಆರು ತಾಲೂಕು ಆದವು.

ನೆಲ ಮತ್ತು ನೀರು

ಕೃಷ್ಣಾ ಮತ್ತು ಭೀಮಾ ನಮ್ಮ ಎರಡು ಹೊಳೆಗಳು. ರಾಯಚೂರು ಗಡಿಯ ಹತ್ತಿರ ಭೀಮಾ ಹೊಳೆ ಕೃಷ್ಣೆಯನ್ನು ಕೂಡುತ್ತದೆ. ನಾರಾಯಣಪುರದಲ್ಲಿ ಕೃಷ್ಣೆಗೆ ಬಸವಸಾಗರ ಅಣೆಕಟ್ಟು ಕಟ್ಟಿದ್ದಾರೆ. ಅದರ ಕಾಲುವೆ ನೀರು ಸುರಪುರ, ಶಹಾಪುರ ಕಡೆಯ ಹೊಲಗಳಿಗೆ ಬರುತ್ತದೆ. ನೀರು ಬಂದ ಕಡೆ ಭತ್ತ ಬೆಳೆಯುತ್ತದೆ.

ಕಾಲುವೆ ಇಲ್ಲದ ಕಡೆ ಮಳೆಯೇ ಗತಿ. ಜೋಳ, ತೊಗರಿ, ಹತ್ತಿ, ಶೇಂಗಾ ಬಿತ್ತುತ್ತೇವೆ. ಮಳೆ ಕೈಕೊಟ್ಟರೆ ಗುಳೆ ಹೋಗಬೇಕು. ಬೆಂಗಳೂರು, ಪುಣೆ, ಮುಂಬೈ ಹಾದಿ ಹಿಡಿಯಬೇಕು. ತಾಯಿ ತಂದೆ ಗುಳೆ ಹೋದರೆ ಮಕ್ಕಳ ಶಾಲೆಯೂ ನಿಲ್ಲುತ್ತದೆ.

ನಾವು ಎಷ್ಟು ಮಂದಿ?

2011ರಲ್ಲಿ ಜನಗಣತಿ ನಡೆಯಿತು. ಜನಗಣತಿ ಅಂದರೆ ಮನೆಮನೆಗೆ ಬಂದು ಜನರನ್ನು ಎಣಿಸುವುದು. ಆಗ ನಮ್ಮ ಜಿಲ್ಲೆಯಲ್ಲಿ 11,74,271 ಜನ ಇದ್ದರು. ಇದನ್ನು ಹೀಗೆ ಓದಬೇಕು: ಹನ್ನೊಂದು ಲಕ್ಷ ಎಪ್ಪತ್ನಾಲ್ಕು ಸಾವಿರದ ಇನ್ನೂರ ಎಪ್ಪತ್ತೊಂದು.

ಅವರಲ್ಲಿ ಗಂಡಸರು 5,90,329. ಹೆಂಗಸರು 5,83,942. ಅಂದರೆ 1,000 ಗಂಡಸರಿಗೆ 989 ಹೆಂಗಸರು. 100 ಮಂದಿಯಲ್ಲಿ ಸುಮಾರು 81 ಮಂದಿ ಹಳ್ಳಿಯವರು.

ಓದು ಬರಹದ ಲೆಕ್ಕವನ್ನೂ ನೋಡೋಣ. ಇದರಲ್ಲಿ 7 ವರ್ಷ ತುಂಬಿದವರನ್ನು ಮಾತ್ರ ಹಿಡಿಯುತ್ತಾರೆ. 100 ಗಂಡಸರಲ್ಲಿ 62 ಮಂದಿಗೆ ಓದು ಬರಹ ಬರುತ್ತಿತ್ತು. 100 ಹೆಂಗಸರಲ್ಲಿ 41 ಮಂದಿಗೆ ಮಾತ್ರ ಬರುತ್ತಿತ್ತು. ಉಳಿದ 59 ಮಂದಿ ಹೆಬ್ಬೆಟ್ಟು ಒತ್ತುವವರು, ಇಲ್ಲವೇ ಬರೀ ಸಹಿ ಕಲಿತವರು. ಆಗ ರಾಜ್ಯದಲ್ಲಿ 30 ಜಿಲ್ಲೆಗಳಿದ್ದವು. ಓದು ಬರಹದಲ್ಲಿ ಎಲ್ಲರಿಗಿಂತ ಹಿಂದೆ ಇದ್ದದ್ದು ನಮ್ಮ ಜಿಲ್ಲೆ.

ಈ ಲೆಕ್ಕ ನಮಗೆ ಯಾಕೆ ಬೇಕು?

ತಲೆ ಎಣಿಸಿಯೇ ಸರ್ಕಾರ ಸೌಲಭ್ಯ ಕೊಡುವುದು. ಬಯಲು ನಾಡಿನಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು. ಗ್ರಾಮ ಪಂಚಾಯಿತಿಗೆ 400 ಜನಕ್ಕೆ ಒಬ್ಬ ಸದಸ್ಯರು. ನಮ್ಮ ಹೆಸರು ಬಿಟ್ಟುಹೋದರೆ ನಮ್ಮ ಪಾಲೂ ಬಿಟ್ಟುಹೋಗುತ್ತದೆ.

ಎಣಿಸುವವರು ಬಂದಾಗ

2011ರ ನಂತರದ ಜನಗಣತಿಗೆ ಸರ್ಕಾರ 2027ರ ಮಾರ್ಚ್ 1ನ್ನು ಲೆಕ್ಕದ ದಿನವೆಂದು ಗೊತ್ತುಮಾಡಿದೆ. ಎಣಿಸುವವರು ಬಂದಾಗ ಸಾಮಾನ್ಯವಾಗಿ ಗಂಡಸರೇ ಉತ್ತರ ಕೊಡುತ್ತಾರೆ. ನಾವು ಬಾಗಿಲ ಹಿಂದೆ ನಿಂತಿರುತ್ತೇವೆ.

“ನಿಮ್ಮ ಮನೆಯವರಿಗೆ ಓದು ಬರಹ ಬರ್ತದೇನ್ರಿ?”

“ಆಕಿಗೇನ್ ಬರ್ತದರಿ? ಇಲ್ಲ ಅಂತ ಬರ್ಕೊಳ್ರಿ.”

“ಕೆಲಸ ಏನ್ ಮಾಡ್ತಾರ?”

“ಏನೂ ಇಲ್ರಿ. ಮನ್ಯಾಗ ಇರ್ತಾಳ.”

ಎರಡೂ ಉತ್ತರ ತಪ್ಪು. ಯಾವುದಾದರೂ ಒಂದು ಭಾಷೆಯನ್ನು ತಿಳಿದು ಓದಲು, ಬರೆಯಲು ಬಂದರೆ ಸಾಕು. ಅವರು ಅಕ್ಷರಸ್ಥರು. ಶಾಲೆಗೆ ಹೋಗಿರಲೇಬೇಕು ಅಂತ ಇಲ್ಲ. ಈ ಪಾಠ ಓದಿ ತಿಳಿದುಕೊಂಡು, ಬರೆಯಲೂ ಬಲ್ಲ ಅಕ್ಕ ಆ ಲೆಕ್ಕಕ್ಕೆ ಸೇರಬೇಕು.

ಸ್ವಂತ ಹೊಲದಲ್ಲಿ ಕಳೆ ತೆಗೆಯುವುದು, ಹತ್ತಿ ಬಿಡಿಸುವುದು ಕೆಲಸವೇ. ಕೂಲಿ ಸಿಗದಿದ್ದರೂ ಜನಗಣತಿ ಅದನ್ನು ಕೆಲಸ ಎಂದೇ ಎಣಿಸುತ್ತದೆ. ವರ್ಷದಲ್ಲಿ ಎಷ್ಟು ತಿಂಗಳು ದುಡಿದೆವು ಎಂಬುದನ್ನೂ ಹೇಳೋಣ.

ಗಂಡನ ಹೆಸರು ಹೇಳಬಾರದು ಎಂಬ ರೂಢಿ ನಮ್ಮಲ್ಲಿ ಹಲವರಿಗೆ ಉಂಟು. 1948ರ ಜನಗಣತಿ ಕಾಯ್ದೆ ಇದನ್ನು ಬಲ್ಲದು. ಗಂಡನ ಹೆಸರು ಹೇಳಲೇಬೇಕೆಂದು ಹೆಂಗಸರನ್ನು ಅದು ಒತ್ತಾಯ ಮಾಡುವುದಿಲ್ಲ. ನಾವು ಹೇಳಿದ್ದನ್ನು ಗುಟ್ಟಾಗಿ ಇಡಬೇಕು ಎಂದೂ ಕಾಯ್ದೆ ಹೇಳುತ್ತದೆ. ಹಾಗಾಗಿ ಅಂಜಿಕೆ ಬೇಡ. ಬಾಗಿಲ ಮುಂದೆ ಬರೋಣ. ನಮ್ಮ ಹೆಸರು, ವಯಸ್ಸು, ಓದು, ಕೆಲಸ ನಾವೇ ಹೇಳೋಣ. ಹೆಣ್ಣುಮಕ್ಕಳ ಹೆಸರನ್ನೂ, ಹಸುಗೂಸಿನ ಹೆಸರನ್ನೂ ತಪ್ಪದೆ ಬರೆಸೋಣ.

100ರಲ್ಲಿ 41 ಎಂಬ ಲೆಕ್ಕ ಬದಲಾಗಬೇಕು. ಅದು ನಮ್ಮ ಬಾಯಿಂದಲೇ ಬದಲಾಗಲಿ.

ಹೇಳಿ ನೋಡೋಣ

1. ನಮ್ಮ ಜಿಲ್ಲೆಯ ಎರಡು ಹೊಳೆಗಳು ಯಾವುವು?
2. 100 ಹೆಂಗಸರಲ್ಲಿ 41 ಮಂದಿಗೆ ಓದು ಬಂದರೆ, ಎಷ್ಟು ಮಂದಿಗೆ ಬರುವುದಿಲ್ಲ?
3. ನಿಮ್ಮ ಮನೆಯವರೆಲ್ಲರ ಹೆಸರು, ವಯಸ್ಸು, ಕೆಲಸ ಬರೆಯಿರಿ. ನಿಮ್ಮ ಹೆಸರನ್ನು ಮೊದಲು ಬರೆಯಿರಿ.